ಸುರಪುರದ ಟೇಲರ್ ಸಾಹೇಬ

ಯಾದಗಿರಿಯ ಕೋಟೆಬೆಟ್ಟವನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ಸಾಗಿದರೆ ಶಹಾಪುರದ ಬೆಟ್ಟಸಾಲು ಎದುರಾಗುತ್ತದೆ. ದೂರದಿಂದ ನೋಡುವವರಿಗೆ ಅದು ಮಲಗಿರುವ ಬುದ್ಧನಂತೆ ತೋರುತ್ತದೆ. ಅಲ್ಲಿಂದ ನೈಋತ್ಯಕ್ಕೆ ತಿರುಗಿದರೆ ಸುರಪುರ. ಸುತ್ತಲೂ ಬಂಡೆಗಲ್ಲುಗಳ ಗುಡ್ಡ. ಗುಡ್ಡಗಳ ಮಡಿಲಲ್ಲಿ ಊರು. ಅಲ್ಲಿ ಎತ್ತರದ ಜಾಗದಲ್ಲಿ ಹಳೆಯ ಬಂಗಲೆಯೊಂದಿದೆ. ಜನರು ಅದನ್ನು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ಅದನ್ನು ಕಟ್ಟಿಸಿದವನು ಈ ನಾಡಿನವನಲ್ಲ. ಸಾವಿರಾರು ಮೈಲಿಗಳಾಚೆಯಿಂದ ಬಾಲಕನಾಗಿ ಬಂದು, ಬಾಳಿನ ಬಹುಭಾಗವನ್ನು ಇಲ್ಲಿಯೇ ಕಳೆದ ಫಿಲಿಪ್ ಮೆಡೋಸ್ ಟೇಲರ್ ಅವನು.

ಟೇಲರನು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆ ವ್ಯಾಪಾರಿ. ವ್ಯಾಪಾರದಲ್ಲಿ ನಷ್ಟವುಂಟಾಗಿ ಮನೆತನದ ಸಿರಿ ಕರಗಿತು. ಹುಡುಗನ ಓದು ನಡುವೆಯೇ ನಿಂತು, ಅವನು ವ್ಯಾಪಾರದ ಕಚೇರಿಯೊಂದರಲ್ಲಿ ಗುಮಾಸ್ತನಾದನು. ಮುಂಬಯಿಯ ಇಂಗ್ಲಿಷ್ ವರ್ತಕನೊಬ್ಬನಿಗೆ ಸಹಾಯಕನು ಬೇಕಾಗಿದ್ದಾನೆಂದು ತಿಳಿದಾಗ, ತಂದೆತಾಯಿಗಳು ಮಗನನ್ನು ಕಳುಹಿಸಲು ಒಪ್ಪಿದರು. ಅವನಿಗೆ ಆಗ ಇನ್ನೂ ಹದಿನೈದು ವರ್ಷ. ಈ ಪಾಠವನ್ನು ಓದುತ್ತಿರುವ ನಿಮ್ಮದೇ ವಯಸ್ಸು. ಸೂಯೆಜ್ ಕಾಲುವೆ ಇಲ್ಲದಿದ್ದ ಆ ಕಾಲದಲ್ಲಿ ಹಡಗುಗಳು ಆಫ್ರಿಕ ಖಂಡವನ್ನು ಬಳಸಿಕೊಂಡು ಬರಬೇಕಾಗಿತ್ತು. 1824ರ ಏಪ್ರಿಲ್ ತಿಂಗಳಲ್ಲಿ ಹೊರಟವನು ಮುಂಬಯಿಯನ್ನು ತಲುಪಿದ್ದು ಸೆಪ್ಟೆಂಬರಿನಲ್ಲಿ.

ಆದರೆ ದಡ ಸೇರಿದ ಬಾಲಕನಿಗೆ ಕಾದಿದ್ದುದು ನಿರಾಶೆ. ಅವನು ನಂಬಿ ಬಂದ ವರ್ತಕನ ವ್ಯವಹಾರವೇ ಕುಸಿಯುತ್ತಿತ್ತು. ಪರಿಚಯವಿಲ್ಲದ ನಾಡು, ಅರಿಯದ ಭಾಷೆ, ಹಿಂದಿರುಗುವ ದಾರಿಯಿಲ್ಲ. ತಾಯಿಯ ಕಡೆಯ ಬಂಧುವೊಬ್ಬನು ಮುಂಬಯಿ ಸರ್ಕಾರದಲ್ಲಿ ಉನ್ನತ ಅಧಿಕಾರಿಯಾಗಿದ್ದುದು ಅವನ ಪುಣ್ಯ. ಆತನ ನೆರವಿನಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಟೇಲರನಿಗೆ ಕೆಲಸ ದೊರೆಯಿತು. ಔರಂಗಾಬಾದಿಗೆ ಹೋಗಿ ಸೇರಿಕೊಂಡ ಅವನು ಮೊದಲು ಮಾಡಿದ ಕಾರ್ಯವೆಂದರೆ ಈ ನೆಲದ ಭಾಷೆಗಳ ಕಲಿಕೆ. ಹಿಂದೂಸ್ತಾನಿ ಮತ್ತು ಮರಾಠಿಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ದುಬಾಷಿಯ ನೆರವಿಲ್ಲದೆ ರೈತನೊಡನೆ, ಸಿಪಾಯಿಯೊಡನೆ ಮಾತನಾಡಬಲ್ಲವನಾದನು. ಭೂಮಾಪನ, ಕಾನೂನು, ಕಟ್ಟಡಗಳ ನಿರ್ಮಾಣ, ಚಿತ್ರಕಲೆ ಇವೆಲ್ಲವೂ ಅವನ ಸ್ವಂತ ಪರಿಶ್ರಮದ ಫಲ. ಶಾಲೆಯಲ್ಲಿ ನಿಂತುಹೋದ ವಿದ್ಯೆಯನ್ನು ಅವನು ಬಾಳಿನಲ್ಲಿ ಮುಂದುವರಿಸಿದನು. 1839ರಲ್ಲಿ ಪ್ರಕಟವಾದ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿ ಅವನಿಗೆ ಇಂಗ್ಲೆಂಡಿನಲ್ಲಿ ಅಪಾರ ಕೀರ್ತಿಯನ್ನು ತಂದಿತು.

1841ರಲ್ಲಿ ಬ್ರಿಟಿಷ್ ರೆಸಿಡೆಂಟನು ಅವನನ್ನು ಸುರಪುರಕ್ಕೆ ಕಳುಹಿಸಿದನು. ಸುರಪುರವು ಬೇಡ ನಾಯಕರ ಸಂಸ್ಥಾನ. 1705ರಲ್ಲಿ ವಾಗಿನಗೇರಿ ಕೋಟೆಯ ಮುಂದೆ ಮುದುಕನಾದ ಔರಂಗಜೇಬನನ್ನೇ ತಡೆದು ನಿಲ್ಲಿಸಿದ ಶೂರರ ನಾಡು ಅದು. ಟೇಲರನು ಬಂದ ಕಾಲಕ್ಕೆ ಅಲ್ಲಿ ನೆಮ್ಮದಿ ಇರಲಿಲ್ಲ. ಅರಸನಾದ ಕೃಷ್ಣಪ್ಪ ನಾಯಕನು ತೀರಿಕೊಂಡನು. ಮಗ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಬಾಲಕ. ಆಡಳಿತವು ತನ್ನ ಕೈಯಲ್ಲಿರಬೇಕೆಂಬುದು ರಾಣಿ ಈಶ್ವರಮ್ಮನ ಹಟ. ಅರಸನ ತಮ್ಮನಾದ ಪಿಡ್ಡ ನಾಯಕನ ಪಕ್ಷ ಇನ್ನೊಂದು. ನಿಜಾಮನಿಗೆ ಸಲ್ಲಬೇಕಾದ ಹಣದ ಹೊರೆ ಬೇರೆ. ಇವೆಲ್ಲದರ ನಡುವೆ ಬಂದಿಳಿದ ಪರದೇಶದ ಅಧಿಕಾರಿಯನ್ನು ಯಾರು ತಾನೇ ನಂಬುತ್ತಾರೆ? ಊರ ತುಂಬ ಆಯುಧ ಹಿಡಿದ ಬೇಡ ವೀರರು. ಎಲ್ಲರ ಕಣ್ಣಿನಲ್ಲಿಯೂ ಸಂಶಯ. ಸೈನ್ಯವನ್ನು ಕರೆಸಿ ಬೆದರಿಸುವುದು ಸುಲಭವಾಗಿತ್ತು. ಟೇಲರನು ಮಾತುಕತೆಯ ದಾರಿಯನ್ನು ಹಿಡಿದನು. ಪಿಡ್ಡ ನಾಯಕನು ಆಡಳಿತವನ್ನು ವಹಿಸಿಕೊಂಡನು. ಆತನ ಮರಣಾನಂತರ ಸಂಸ್ಥಾನದ ಹೊಣೆಯೆಲ್ಲ ಟೇಲರನ ಮೇಲೆ ಬಿದ್ದಿತು.

ಕಂದಾಯದ ಲೆಕ್ಕಕ್ಕೆ ಒಂದು ಕ್ರಮ ಬಂದಿತು. ರಸ್ತೆಗಳಾದವು. ಬೋನಾಳದ ಕೆರೆ ಅವನ ಆರೈಕೆಯಲ್ಲಿ ಹಿಗ್ಗಿತು. ಅದು ಈಗ ಪಕ್ಷಿಧಾಮವಾಗಿ ಹೆಸರಾಗಿದೆ. ಬಿಡುವಿನ ವೇಳೆಯಲ್ಲಿ ಅವನು ಬಯಲುಗಳಲ್ಲಿ ಅಲೆದು, ಶಹಾಪುರದ ಬಳಿಯ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ರಾಜನಕೋಳೂರಿನ ಕಲ್ಲುಮನೆಗಳನ್ನೂ ಅಳೆದು, ಚಿತ್ರ ಬರೆದು, ವಿದ್ವಾಂಸರ ಗಮನಕ್ಕೆ ತಂದನು. ಜನರು ಮೋರಿಯರ ಮನೆಗಳೆನ್ನುತ್ತಿದ್ದ ಅವು ಇತಿಹಾಸಪೂರ್ವ ಕಾಲದ ಸಮಾಧಿಗಳು. ತನ್ನ ತಾಯ್ನಾಡಿನ ಪ್ರಾಚೀನ ಸಮಾಧಿಗಳಿಗೂ ಇವುಗಳಿಗೂ ಇರುವ ಹೋಲಿಕೆ ಅವನನ್ನು ಬೆರಗುಗೊಳಿಸಿತು. ಸಂಜೆಯ ಏಕಾಂತದಲ್ಲಿ ಇಂಗ್ಲೆಂಡಿನಲ್ಲಿದ್ದ ಸೋದರಸಂಬಂಧಿ ಹೆನ್ರಿ ರೀವ್‌ನಿಗೆ ಕಾಗದ ಬರೆಯುವುದು ಅವನಿಗೆ ಸಮಾಧಾನ ತರುತ್ತಿತ್ತು.

ಎಲ್ಲಕ್ಕಿಂತ ಮಿಗಿಲಾಗಿ, ಬಾಲರಾಜನ ವಿದ್ಯಾಭ್ಯಾಸದಲ್ಲಿ ಅವನಿಗೆ ಅಕ್ಕರೆ. ತಂದೆಯನ್ನು ಕಳೆದುಕೊಂಡ ಹುಡುಗನು ಟೇಲರನನ್ನು ಅಪ್ಪ ಎಂದೇ ಕರೆಯತೊಡಗಿದನು. ತಾನೂ ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳಿಂದ ದೂರವಾಗಿದ್ದ ಟೇಲರನಿಗೆ ಆ ಕರೆಯ ಬೆಲೆ ತಿಳಿದಿತ್ತು. 1853ರಲ್ಲಿ ರಾಜನು ಪ್ರಾಪ್ತವಯಸ್ಕನಾದಾಗ ಸಂಸ್ಥಾನವನ್ನು ಅವನಿಗೆ ಒಪ್ಪಿಸಿ, ಟೇಲರನು ನಳದುರ್ಗದ ಆಡಳಿತಕ್ಕೆ ತೆರಳಿದನು.

ಮುಂದಿನ ಕಥೆ ದುಃಖದ್ದು. 1857ರ ಸ್ವಾತಂತ್ರ್ಯ ಸಂಗ್ರಾಮದ ಕಿಡಿ ಸುರಪುರವನ್ನೂ ಮುಟ್ಟಿತು. ತರುಣ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಕತ್ತಿ ಹಿರಿದನು. 1858ರ ಫೆಬ್ರವರಿಯಲ್ಲಿ ಕದನ ನಡೆದು ಸುರಪುರವು ಶತ್ರುವಶವಾಯಿತು; ರಾಜನು ಹೈದರಾಬಾದಿನಲ್ಲಿ ಸೆರೆಸಿಕ್ಕನು. ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ಒಬ್ಬನು ಗೆದ್ದವರ ಕಡೆಯ ಅಧಿಕಾರಿ, ಇನ್ನೊಬ್ಬನು ಸೋತ ವೀರ. ಆದರೂ ಅವರು ಅಪ್ಪಮಕ್ಕಳಂತೆ ಅತ್ತರು. ಜೊತೆಗಾರರ ಹೆಸರನ್ನು ಹೇಳಿದರೆ ಕ್ಷಮೆ ದೊರೆಯಬಹುದೆಂಬ ಸೂಚನೆ ಬಂದಾಗ ರಾಜನು ಒಪ್ಪಲಿಲ್ಲ. ತನ್ನನ್ನು ಕಳ್ಳನಂತೆ ನೇಣಿಗೆ ಹಾಕದೆ ಫಿರಂಗಿಯ ಬಾಯಿಗೆ ಕಟ್ಟಬೇಕೆಂದಷ್ಟೇ ಬೇಡಿದನು. ಮರಣದಂಡನೆಯು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಸೆರೆಗೆ ಸಾಗಿಸುವ ದಾರಿಯಲ್ಲಿಯೇ ಗುಂಡೇಟಿನಿಂದ ಅವನ ಬಾಳು ಮುಗಿಯಿತು. ಆಗ ಅವನಿಗೆ ಇಪ್ಪತ್ತನಾಲ್ಕರ ಹರೆಯ.

ಆರೋಗ್ಯ ಕೆಟ್ಟು ಟೇಲರನು 1860ರಲ್ಲಿ ಸ್ವದೇಶಕ್ಕೆ ಮರಳಿದನು. ಅಲ್ಲಿಯೂ ಭಾರತದ ಕಥೆಗಳನ್ನೇ ಬರೆದನು. ಕಣ್ಣು ಮಂಜಾದ ಮುಪ್ಪಿನಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದು, ಹಿಂದಿರುಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್ ಎಂಬಲ್ಲಿ ನಿಧನನಾದನು. ಮರುವರ್ಷ ಮಗಳು ಅವನ ಆತ್ಮಕಥೆಯನ್ನು ಪ್ರಕಟಿಸಿದಳು.

ಟೇಲರನು ಸೇವೆ ಸಲ್ಲಿಸಿದ ಅಧಿಕಾರ ಪರಕೀಯರದು. ಅದನ್ನು ಎದುರಿಸಿದ ವೆಂಕಟಪ್ಪ ನಾಯಕನ ಬಲಿದಾನವನ್ನು ನಾಡು ಗೌರವದಿಂದ ನೆನೆಯುತ್ತದೆ. ಪರನಾಡಿನ ಜನರ ಮಾತನ್ನು ಕಲಿತು, ಅವರ ಮಗುವನ್ನು ತನ್ನದೆಂದು ಭಾವಿಸಿದ ಟೇಲರನ ಹೃದಯವೂ ಸುಳ್ಳಲ್ಲ. ಅರಸನ ಅರಮನೆಯನ್ನೂ ಸಾಹೇಬನ ಬಂಗಲೆಯನ್ನೂ ಒಂದೇ ಊರಿನಲ್ಲಿ ಉಳಿಸಿಕೊಂಡಿರುವ ಸುರಪುರವು ಈ ಎರಡು ನಿಜಗಳಿಗೂ ಸಾಕ್ಷಿಯಾಗಿದೆ.