ಪಾಯಿಂಟ್, ಕಾಯಿಲ್ ಮತ್ತು ಚಾರ್ಲ್ಸ್ ಕೆಟರಿಂಗ್

ಹಳೇ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಬೆಳಗ್ಗೆ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಮೆಕ್ಯಾನಿಕ್ ಬಿಚ್ಚಿ ನೋಡೋದು ಡಿಸ್ಟ್ರಿಬ್ಯೂಟರ್ ಕ್ಯಾಪ್. ಒಳಗೆ ಒಂದಕ್ಕೊಂದು ತಾಗಿ ಬಿಡುವ ಎರಡು ಪುಟ್ಟ ಲೋಹದ ತುದಿಗಳಿರುತ್ತವೆ. ಅವೇ ಪಾಯಿಂಟ್. ಕಪ್ಪಾಗಿದ್ದರೆ ಉಜ್ಜಿ, ಗ್ಯಾಪ್ ಸರಿಮಾಡಿ ಮುಚ್ಚಿದರೆ ಎಷ್ಟೋ ಸಲ ಗಾಡಿ ಹೊರಟೇಬಿಡುತ್ತೆ. ಈಗಿನ ಕಾರುಗಳಲ್ಲಿ ಪಾಯಿಂಟ್ ಇಲ್ಲ, ಹಾಗಾಗಿ ನಮ್ಮ ಬ್ಯಾಚಿನಲ್ಲಿ ಅದನ್ನು ಕಣ್ಣಾರೆ ನೋಡಿದವರು ಕಡಿಮೆ. ಆದರೆ ಪುಸ್ತಕದಲ್ಲಿ ಈ ವ್ಯವಸ್ಥೆಗೆ ಕೆಟರಿಂಗ್ ಇಗ್ನಿಷನ್ ಅಂತ ಹೆಸರಿದೆ. ಯಾರಪ್ಪಾ ಈ ಕೆಟರಿಂಗ್ ಅಂತ ಹುಡುಕಿಕೊಂಡು ಹೋದ ನಮಗೆ ಸಿಕ್ಕಿದ್ದು ಅಂದುಕೊಂಡಿದ್ದಕ್ಕಿಂತ ದೊಡ್ಡ ಕಥೆ.

ಚಾರ್ಲ್ಸ್ ಕೆಟರಿಂಗ್ ಹುಟ್ಟಿದ್ದು 1876ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ರೈತರ ಮನೆಯಲ್ಲಿ. ಕಣ್ಣು ಬಹಳ ವೀಕ್. ಓದಲು ಕೂತರೆ ತಲೆನೋವು. ಇದರಿಂದಲೇ ಕಾಲೇಜು ಅರ್ಧಕ್ಕೆ ಬಿಟ್ಟು ಟೆಲಿಫೋನ್ ಕಂಬ ನೆಡುವವರ ಜೊತೆ ಕೆಲಸ ಮಾಡಿದರು. ಮತ್ತೆ ಕಾಲೇಜಿಗೆ ಬಂದಾಗ ಗೆಳೆಯರು ಪಾಠ ಓದಿ ಹೇಳುತ್ತಿದ್ದರು, ಇವರು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದರು. 1904ರಲ್ಲಿ ಎಲೆಕ್ಟ್ರಿಕಲ್ ಡಿಗ್ರಿ ಕೈಗೆ ಬಂದಾಗ ವಯಸ್ಸು 27. (ಇಯರ್ ಬ್ಯಾಕ್ ಆದವರು ಗಮನಿಸಿ.)

ಮೊದಲ ಕೆಲಸ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಕೈಯಲ್ಲಿ ತಿರುಗಿಸುತ್ತಿದ್ದ ಗಲ್ಲಾಪೆಟ್ಟಿಗೆ ಮೆಷಿನ್ನಿಗೆ ಇವರು ಪುಟ್ಟ ಮೋಟಾರ್ ಕೂರಿಸಿದರು. ಸಂಜೆ ಮೇಲೆ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಅವರ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಕಾರಿನ ಕೆಲಸ. ಆ ಕೊಟ್ಟಿಗೆಯಿಂದಲೇ 1909ರಲ್ಲಿ ಡೆಲ್ಕೊ ಕಂಪನಿ ಹುಟ್ಟಿತು.

ಆ ಕಾಲದ ಬ್ಯಾಟರಿ ಇಗ್ನಿಷನ್‌ನಲ್ಲಿ ನಡುಗುವ ಕಾಯಿಲ್ ಒಂದರ ಹಿಂದೊಂದು ಕಿಡಿ ಸುರಿಸುತ್ತಿತ್ತು, ಡ್ರೈ ಸೆಲ್ ಬೇಗ ಖಾಲಿ. ಕೆಟರಿಂಗ್ ಸರಿಯಾದ ಕ್ಷಣಕ್ಕೆ ಒಂದೇ ಒಂದು ಗಟ್ಟಿ ಕಿಡಿ ಸಾಕು ಅಂತ ಮಾಡಿ ತೋರಿಸಿದರು. ಮುಂದೆ ಬೆಳೆದು ನಿಂತ ರೂಪ ನಮಗೆ ಗೊತ್ತಿರೋದೇ. ಪಾಯಿಂಟ್ ಮುಚ್ಚಿದಾಗ ಕಾಯಿಲ್‌ನಲ್ಲಿ ಕರೆಂಟ್ ಹರಿದು ಮ್ಯಾಗ್ನೆಟಿಕ್ ಫೀಲ್ಡ್ ತುಂಬುತ್ತೆ. ತೆರೆದಾಗ ಅದು ಕುಸಿದು ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತೆ. ಪಕ್ಕದಲ್ಲಿರೋ ಕಂಡೆನ್ಸರ್ ಕೆಟ್ಟರೆ ಕಿಡಿ ಪಾಯಿಂಟಿನಲ್ಲೇ ಹಾರಿ ಅದನ್ನು ಸುಡುತ್ತೆ, ಪ್ಲಗ್ಗಿಗೆ ಸೊರಗಿದ ಕಿಡಿ.

ಆದರೆ ಇಂಜಿನ್ ತಿರುಗಿಸೋಕೆ ಇನ್ನೂ ಹ್ಯಾಂಡಲ್ಲೇ. ಕಿಡಿ ಸ್ವಲ್ಪ ಬೇಗ ಬಿದ್ದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತಿತ್ತು. ಮೋಟಾರ್ ಇಡೋಣ ಅಂದರೆ, ಅದೂ ಇಂಜಿನ್ನಿನಷ್ಟೇ ದೊಡ್ಡದಾಗುತ್ತೆ ಅನ್ನೋ ವಾದ. ಕೆಟರಿಂಗ್‌ಗೆ ಗಲ್ಲಾಪೆಟ್ಟಿಗೆಯ ಅನುಭವ ಇತ್ತು. ಕೆಲವೇ ಸೆಕೆಂಡ್ ಓಡೋ ಮೋಟಾರಿಗೆ ರೇಟಿಂಗ್ ಮೀರಿ ಕರೆಂಟ್ ಕೊಟ್ಟರೂ ಸುಡಲ್ಲ, ಬಿಸಿಯಾಗೋಕೆ ಟೈಮೇ ಸಿಗಲ್ಲ. 1912ರ ಕ್ಯಾಡಿಲಾಕ್ ಬಟನ್ ಒತ್ತಿದರೆ ಸ್ಟಾರ್ಟ್ ಆಯಿತು.

ಇಲ್ಲೊಂದು ತಮಾಷೆ. ಕೆಟರಿಂಗ್ ಅವರ ಈ ಎರಡು ಕೂಸುಗಳಿಗೂ ಊಟ ಒಂದೇ ಬ್ಯಾಟರಿಯಿಂದ. ಸ್ಟಾರ್ಟರ್ ಕರೆಂಟ್ ಎಳೆದಾಗ ವೋಲ್ಟೇಜ್ ಇಳಿಯುತ್ತೆ, ಕಿಡಿ ಬೇಕೇಬೇಕಾದ ಹೊತ್ತಲ್ಲೇ ಕಾಯಿಲ್‌ಗೆ ಅರೆಹೊಟ್ಟೆ. ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗದ ಹಳೇ ಗಾಡಿ ನಾಲ್ಕು ಜನ ತಳ್ಳಿದರೆ ಆಗೋದು ಇದಕ್ಕೇ. ಹಾಗಾಗಿ ಮೊದಲು ಬ್ಯಾಟರಿ, ಅದರ ಟರ್ಮಿನಲ್ ನೋಡಬೇಕು. ಆಮೇಲೆ ಪ್ಲಗ್ ಬಿಚ್ಚಿ ಇಂಜಿನ್ ಬಾಡಿಗೆ ತಾಗಿಸಿ ಕಿಡಿ ನೋಡಬೇಕು. ಹಳದಿ, ತೆಳು ಇದ್ದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಕಡೆ ಹೋಗಿ. ನೀಲಿಯಾಗಿ ಚಟ್ ಅಂದರೆ ಇಗ್ನಿಷನ್ ಬಹುಪಾಲು ಸರಿ, ಪೆಟ್ರೋಲ್ ಕಡೆ ನೋಡಿ.

ಕಿಡಿಯೋ ಪೆಟ್ರೋಲೋ ಅನ್ನೋ ಇದೇ ಪ್ರಶ್ನೆ ಕೆಟರಿಂಗ್ ಅವರ ಬೆನ್ನಿಗೂ ಬಿತ್ತು. ಲೋಡ್ ಬಿದ್ದಾಗ ಇಂಜಿನ್ ಟಕಟಕ ಅನ್ನುವ ನಾಕಿಂಗ್‌ಗೆ ಜನ ಇವರ ಬ್ಯಾಟರಿ ಇಗ್ನಿಷನ್ನನ್ನೇ ದೂರಿದರು. ಇವರು ವಾದಕ್ಕೆ ಇಳಿಯದೆ ಥಾಮಸ್ ಮಿಜ್ಲಿ ಎಂಬ ಯುವ ಇಂಜಿನಿಯರ್‌ಗೆ ಅಳೆದು ನೋಡುವ ಕೆಲಸ ಕೊಟ್ಟರು. ಸಿಲಿಂಡರ್ ಒಳಗಿನ ಒತ್ತಡ ದಾಖಲಿಸಿದಾಗ ಕಂಡದ್ದು: ಕಿಡಿ ಸರಿಯಾಗಿಯೇ ಬಿದ್ದಿದೆ, ಒತ್ತಡ ಚಿಮ್ಮೋದು ಅದರ ನಂತರ. ತಪ್ಪು ಇಂಧನದ್ದು. ಇಂಧನ ಕೆಂಪಾದರೆ ಶಾಖ ಬೇಗ ಹೀರುತ್ತೇನೋ ಅಂತ ಊಹಿಸಿದರು. ಕೆಂಪು ಡೈ ಸಿಗದೆ ಅಯೋಡಿನ್ ಬೆರೆಸಿದರು, ನಾಕಿಂಗ್ ತಗ್ಗಿತು! ಆಮೇಲೆ ನಿಜವಾದ ಕೆಂಪು ಡೈ ಹಾಕಿದರೆ ಏನೂ ಆಗಲಿಲ್ಲ. ಬಣ್ಣ ಅಲ್ಲ, ರಾಸಾಯನಿಕ ಅಂತ ಆಗ ಗೊತ್ತಾಯಿತು. ಇಷ್ಟು ಚಂದದ ಡಯಾಗ್ನೋಸಿಸ್ ನಾವು ಯಾವ ಲ್ಯಾಬ್ ಮ್ಯಾನ್ಯುಯಲ್‌ನಲ್ಲೂ ಓದಿಲ್ಲ.

ಮದ್ದಿನ ವಿಷಯಕ್ಕೆ ಬಂದರೆ ನಮಗೆ ಕಷ್ಟವಾಗುತ್ತೆ. ವರ್ಷಗಟ್ಟಲೆ ಹುಡುಕಿ 1921ರ ಡಿಸೆಂಬರ್‌ನಲ್ಲಿ ಅವರು ತಲುಪಿದ್ದು ಟೆಟ್ರಾಈಥೈಲ್ ಲೆಡ್‌ಗೆ. ಸೀಸ ವಿಷ ಅಂತ ಆಗಲೂ ಗೊತ್ತಿತ್ತು. ಮಿಜ್ಲಿಯವರೇ 1923ರಲ್ಲಿ ಸೀಸದ ವಿಷದಿಂದ ಮಲಗಿದ್ದರು. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ಇಳಿಯುತ್ತೆ ಅನ್ನೋದೂ ಗೊತ್ತಿತ್ತು, ಆದರೆ ಸೀಸದ ದಾರಿಗೆ ಪೇಟೆಂಟ್ ಸಿಗುತ್ತಿತ್ತು, ಖರ್ಚೂ ಕಡಿಮೆ. 1924ರಲ್ಲಿ ಅದನ್ನು ಮಾರೋಕೆ ಈಥೈಲ್ ಕಾರ್ಪೊರೇಷನ್ ಶುರುವಾಯಿತು, ಅಧ್ಯಕ್ಷರು ಕೆಟರಿಂಗ್. ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಈ ವಿಷ ತಗುಲಿ ಐದು ಕೆಲಸಗಾರರು ಸತ್ತರು. ಮಾರಾಟ ಸ್ವಲ್ಪ ಕಾಲ ನಿಂತು, ಮತ್ತೆ ಶುರುವಾಯಿತು. ಸಿಲಿಂಡರ್ ಒಳಗೆ ಅಷ್ಟು ಸೂಕ್ಷ್ಮವಾಗಿ ನೋಡಿದವರು ಸೈಲೆನ್ಸರ್‌ನಿಂದ ಹೊರಗೆ ಹೋಗಿದ್ದನ್ನು ಯಾಕೆ ಹಾಗೆ ನೋಡಲಿಲ್ಲ? ತಿಳಿಯದೆ ಮಾಡಿದ್ದು ಅಂತ ಬಿಟ್ಟುಬಿಡೋಕೆ ನಮಗೆ ಮನಸ್ಸು ಬರಲ್ಲ.

1947ರವರೆಗೆ ಅವರು ಜನರಲ್ ಮೋಟಾರ್ಸ್‌ನ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿರುವ ಕೆಟರಿಂಗ್ ಇವರೇ. 1958ರಲ್ಲಿ ತೀರಿಕೊಂಡಾಗ ಸೀಸದ ಪೆಟ್ರೋಲ್ ಇನ್ನೂ ಎಲ್ಲೆಡೆ ಮಾರಾಟದಲ್ಲಿತ್ತು. ಭಾರತದ ಬಂಕ್‌ಗಳಲ್ಲಿ ಅದು ನಿಂತಿದ್ದು 2000ದ ಫೆಬ್ರವರಿಯಲ್ಲಿ. ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.