ಕೊಳೆಗೆ ಮದ್ದು ತೋರಿಸಿದ ಕೋಲ್ಮನ್ ಸಾಹೇಬರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರೇ, ಮಳೆಗಾಲ ಹತ್ತಿರವಾಯಿತೆಂದರೆ ನಿಮ್ಮ ಮನೆಯ ಜಗಲಿಗೆ ಮೈಲುತುತ್ತ, ಸುಣ್ಣ ಬಂದು ಕೂರುತ್ತವೆ. ಕೊನೆಗೌಡನನ್ನು ಹುಡುಕಿ ಕರೆತರುವ ಪಾಡು ಬೇರೆ. ಆದರೆ ಈ ಮದ್ದನ್ನು ಅಡಿಕೆಗೆ ಹೊಡೆಯಬಹುದೆಂದು ತೋರಿಸಿಕೊಟ್ಟವರು ಯಾರೆಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅವರು ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್.

1878ರಲ್ಲಿ ಒಂಟಾರಿಯೋ ಪ್ರಾಂತದಲ್ಲಿ ಹುಟ್ಟಿದ ಕೋಲ್ಮನ್ ಟೊರಾಂಟೋದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದರು. ಬೂಷ್ಟು, ಕೀಟ ಎರಡರ ಕೆಲಸವೂ ಅವರೊಬ್ಬರದೇ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಆಗ ಕೊಳೆಯದೇ ಗೋಳು. ಕರಡದ ಹುಲ್ಲಿನ ಕೊಟ್ಟೆ ನೆಯ್ದು ಕೊನೆಗೆ ಕಟ್ಟುವುದು ಹಿರಿಯರ ಉಪಾಯವಾಗಿತ್ತು. ಅದು ಬುದ್ಧಿವಂತಿಕೆಯ ಉಪಾಯವೇ ಸರಿ, ಆದರೆ ಮರಮರಕ್ಕೂ ಕಟ್ಟಿ ಪೂರೈಸಬೇಕಲ್ಲ!

ಕೋಲ್ಮನ್ ಉದುರಿದ ಕಾಯಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ರೋಗಾಣು ಫೈಟಾಫ್ತೊರ ಜಾತಿಯದೆಂದು 1910ರ ತಮ್ಮ ಪ್ರಕಟಣೆಯಲ್ಲಿ ವಿವರಿಸಿದರು. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ಒಂದು ಹನಿ ನಿಂತರೂ ಅವಕ್ಕೆ ಸಾಕು. ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿ ಬೆಳೆಗಾರರು 1880ರ ದಶಕದಿಂದ ಬಳಸುತ್ತಿದ್ದ ತುತ್ತ-ಸುಣ್ಣದ ದ್ರಾವಣವನ್ನು ಕೋಲ್ಮನ್ ಅಡಿಕೆಯ ಕೊನೆಗೆ ಹೊಡೆಸಿದರು. ನಮ್ಮ ಮೂರು ತಾಲೂಕುಗಳು ಆಗ ಬೊಂಬಾಯಿ ಆಧಿಪತ್ಯದವು. ಅವರ ಅಧಿಕಾರ ಸಾಗರದ ಗಡಿಗೇ ಮುಗಿಯುತ್ತಿತ್ತು. ಆದರೂ ಅದೇ ಮದ್ದು ಇಂದು ನಿಮ್ಮ ಜಗಲಿಯಲ್ಲಿದೆ.

ನೂರು ವರ್ಷ ದಾಟಿದರೂ ಅದು ಏಕೆ ಸವೆದಿಲ್ಲ? ಇದನ್ನು ತಿಳಿಯಲು ನುಸಿಯ ಕಡೆ ನೋಡಬೇಕು.

ಬೇಸಿಗೆಯಲ್ಲಿ ಅಡಿಕೆಯ ಎಲೆಯಡಿ ಕೆಂಪು ನುಸಿ, ಬಿಳಿ ನುಸಿ ಕೂತು ರಸ ಹೀರುವುದನ್ನು ನೀವು ಕಂಡಿದ್ದೀರಿ. ಗಿಡಗಳು ತಮ್ಮ ರಕ್ಷಣೆಗೆ ಎಲೆಯಲ್ಲಿ ವಿಷ ಇಟ್ಟುಕೊಂಡಿರುತ್ತವೆ. ಅದನ್ನು ತಿಂದು ಅರಗಿಸಿಯೇ ಬದುಕಿದ ಕುಲ ನುಸಿಯದು. ಅದರ ಮೈಯಲ್ಲಿರುವ ಕಿಣ್ವಗಳು ವಿಷದ ಅಣುವನ್ನು ಒಡೆಯುತ್ತವೆ, ಇಲ್ಲವೆ ಅದಕ್ಕೆ ಇನ್ನೊಂದನ್ನು ಜೋಡಿಸಿ ಹೊರಗೆ ಹಾಕುತ್ತವೆ. ನಮ್ಮ ಕೀಟನಾಶಕಕ್ಕೂ ಅದೇ ಗತಿ. ವಿಷ ಒಡೆಯಬಲ್ಲ ನಾಲ್ಕು ನುಸಿ ಉಳಿದರೆ ಸಾಕು, ಅವುಗಳ ಸಂತತಿಯೇ ಎಲೆ ತುಂಬುತ್ತದೆ. ಇವನ್ನು ಹಿಡಿದು ತಿನ್ನುವ ಪರಭಕ್ಷಕ ನುಸಿಗಳೂ ಅದೇ ಎಲೆಯಲ್ಲಿವೆ. ಅವಕ್ಕೂ ಈ ಕಿಣ್ವಗಳುಂಟು, ಆದರೆ ಎಲೆಯ ವಿಷದ ಅಭ್ಯಾಸ ಅಷ್ಟಿಲ್ಲ. ಸಾಮಾನ್ಯವಾಗಿ ಅವೇ ಮೊದಲು ಸಾಯುತ್ತವೆ. ಔಷಧಿ ಹೊಡೆದ ಮೇಲೆ ನುಸಿ ಹೆಚ್ಚಾಯಿತೆಂದು ನೀವು ದೂರುವುದು ಸುಳ್ಳಲ್ಲ.

ತಾಮ್ರ ಹಾಗಲ್ಲ. ಅದು ಮೂಲವಸ್ತು, ಒಡೆಯಲು ಬರುವುದಿಲ್ಲ. ರೋಗಾಣುವಿನ ಹತ್ತಾರು ಕಿಣ್ವಗಳಿಗೆ ಒಟ್ಟಿಗೇ ಪೆಟ್ಟು ಕೊಡುತ್ತದೆ. ಒಡೆಯದ ವಸ್ತು ತೋಟದ ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ ಎಂಬುದೂ ಅಷ್ಟೇ ನಿಜ. ಲೆಕ್ಕವಿಲ್ಲದೆ ಹೊಡೆಯಬೇಡಿ.

ಕೋಲ್ಮನ್ 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಅವರ ಕಾಲದವು. ಅದೇ ಹೆಬ್ಬಾಳ ಮುಂದೆ ಕೃಷಿ ವಿಶ್ವವಿದ್ಯಾನಿಲಯವಾಯಿತು. ಅಲ್ಲಿಂದಲೇ 1966ರಲ್ಲಿ ಜಿ. ಪಿ. ಚನ್ನಬಸವಣ್ಣನವರ ನುಸಿಗಳ ಗ್ರಂಥ ಹೊರಬಂತು. ಕೋಲ್ಮನ್ 1934ರಲ್ಲಿ ಕೆನಡಾಕ್ಕೆ ಮರಳಿದರು, 1954ರಲ್ಲಿ ತೀರಿಕೊಂಡರು.

ಈ ಸಲ ಮದ್ದು ಕಲಸುವಾಗ ಒಂದು ಗಮನ. ನೂರು ಲೀಟರ್ ನೀರಿಗೆ ತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿ. ಹೊಳೆಯುವ ಕತ್ತಿಯನ್ನು ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಹೇಗೂ ಮರ ಹತ್ತುತ್ತಾನಲ್ಲ ಎಂದು ಅದೇ ಡ್ರಮ್ಮಿಗೆ ನುಸಿಯ ಔಷಧಿ ಸುರಿಯಬೇಡಿ. ಮಳೆಗಾಲದಲ್ಲಿ ನುಸಿ ತಾನೇ ತಗ್ಗುತ್ತದೆ. ಅಲ್ಲದೆ ಅಂಥ ಅನೇಕ ಔಷಧಿಗಳನ್ನು ಸುಣ್ಣವೇ ಡ್ರಮ್ಮಿನಲ್ಲಿ ಒಡೆದು ಹಾಕುತ್ತದೆ.