ಒಂದು ಪತ್ರ ಬರೆದು ಎಲ್ಲ ಕಳೆದುಕೊಂಡ ಸೇನಾನಿ

ಗುಂಡಿಗೆ ಎದೆಯೊಡ್ಡೋದು ಎಷ್ಟು ಕಷ್ಟವೋ ನನಗೆ ಗೊತ್ತಿಲ್ಲ. ಆದರೆ ಮೀಟಿಂಗಿನಲ್ಲಿ ಮೇಲಿನವರ ಮುಖ ನೋಡಿ ಇದು ತಪ್ಪು ಅಂತ ಹೇಳೋದು ಎಷ್ಟು ಕಷ್ಟ ಅಂತ ಚೆನ್ನಾಗಿ ಗೊತ್ತು. ಲೆಕ್ಕ ಸುಳ್ಳು ಅಂತ ತಿಳಿದೂ ತಲೆಯಾಡಿಸಿ ಎದ್ದು ಬಂದ ಸಭೆಗಳು ನನ್ನ ನೌಕರಿಯಲ್ಲೂ ಇವೆ. ಆ ನಾಚಿಕೆ ಕಾಡಿದಾಗೆಲ್ಲ ನೆನಪಾಗುವುದು ಚೀನಾದ ಪೆಂಗ್ ದೆಹುವಾಯ್.

ಅವರು ಹುಟ್ಟಿದ್ದು 1898ರಲ್ಲಿ, ಹುನಾನ್ ಪ್ರಾಂತ್ಯದ ಶಿಯಾಂಗ್‌ತಾನ್‌ನಲ್ಲಿ. ಮಾವೋ ಕೂಡ ಅದೇ ಸೀಮೆಯವರು. ಆದರೆ ಮಾವೋ ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಪೆಂಗ್ ಮನೆಯಲ್ಲಿ ಒಲೆ ಹತ್ತೋದೇ ಅಪರೂಪ. ಎಳವೆಯಲ್ಲೇ ತಾಯಿ ತೀರಿಕೊಂಡರು, ಹಸುಗೂಸು ತಮ್ಮ ಹಸಿವಿಗೆ ಬಲಿಯಾದ, ಹುಡುಗ ಭಿಕ್ಷೆಗೂ ಹೋದ. ದನ ಕಾಯ್ದು, ಕಲ್ಲಿದ್ದಲು ಗಣಿಯಲ್ಲಿ ದುಡಿದು, ಒಡ್ಡಿಗೆ ಮಣ್ಣು ಹೊತ್ತು, ಕೊನೆಗೆ 1916ರಲ್ಲಿ ಹೊಟ್ಟೆಪಾಡಿಗೆ ಸೈನ್ಯ ಸೇರಿದರು.

1928ರಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ ಬಂದವರು ಅದೇ ಜುಲೈನಲ್ಲಿ ಪಿಂಗ್‌ಜಿಯಾಂಗ್‌ನಲ್ಲಿ ತಮ್ಮ ತುಕಡಿಯನ್ನೇ ದಂಗೆ ಎಬ್ಬಿಸಿದರು. ಲಾಂಗ್ ಮಾರ್ಚ್‌ನಲ್ಲಿ ಮುಂಚೂಣಿಯಲ್ಲಿದ್ದರು. ಜಪಾನ್ ವಿರುದ್ಧ ಎಂಟನೇ ಮಾರ್ಗದ ಸೇನೆಯ ಉಪ ಮಹಾದಂಡನಾಯಕರಾಗಿ 1940ರಲ್ಲಿ ನೂರು ರೆಜಿಮೆಂಟುಗಳ ದಾಳಿ ನಡೆಸಿದರು. 1950ರಲ್ಲಿ ಕೊರಿಯಾಕ್ಕೆ ಹೋದ ಚೀನೀ ಪಡೆಗೂ ಅವರೇ ದಂಡನಾಯಕ. ಅಲ್ಲಿ ಅವರ ಪ್ರಧಾನ ಶಿಬಿರದ ಮೇಲೆ ಬಿದ್ದ ಬಾಂಬಿಗೆ ಮಾವೋ ಮಗ ಆನ್ಯಿಂಗ್ ಸತ್ತ. 1953ರ ಕದನವಿರಾಮಕ್ಕೆ ಪೆಂಗ್ ಸಹಿ ಹಾಕಿದರು. ಅದರ ಬಳಿಕ ಯುದ್ಧಕೈದಿಗಳ ವಾಪಸಾತಿ ನೋಡಿಕೊಂಡ ತಟಸ್ಥ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ತಿಮ್ಮಯ್ಯ.

1954ರಲ್ಲಿ ರಕ್ಷಣಾ ಮಂತ್ರಿ, 1955ರಲ್ಲಿ ಹತ್ತು ಮಾರ್ಷಲ್‌ಗಳಲ್ಲಿ ಒಬ್ಬರು. ಇನ್ನೇನು ಬೇಕಿತ್ತು? ಸುಮ್ಮನಿದ್ದಿದ್ದರೆ ಸುಖವಾಗಿ ಮುದುಕರಾಗುತ್ತಿದ್ದರು.

1958ರಲ್ಲಿ ಮಾವೋ ಮಹಾ ಜಿಗಿತ ಶುರುವಾಯ್ತು. ವರ್ಷದ ಕೊನೆಗೆ ಪೆಂಗ್ ಹುಟ್ಟೂರಿಗೆ ಹೋದರು. ಜನರೆಲ್ಲ ಉಕ್ಕು ಕರಗಿಸೋ ಕೆಲಸದಲ್ಲಿ, ಬೆಳೆ ಗದ್ದೆಯಲ್ಲೇ ಹಾಳು. ಕುಲುಮೆಯ ಸೌದೆಗೆ ಮನೆಗಳನ್ನೇ ಕೆಡವಿದ್ದರು. ಕಾಗದದ ಮೇಲೆ ಮಾತ್ರ ದಾಖಲೆ ಇಳುವರಿ. ಹಸಿವು ಅಂದ್ರೇನು ಅಂತ ಗೊತ್ತಿದ್ದ ಮನುಷ್ಯನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

1959ರ ಜುಲೈ 14ರಂದು ಲುಷಾನ್ ಗಿರಿಧಾಮದ ಸಭೆಯಲ್ಲಿದ್ದಾಗಲೇ ಮಾವೋಗೆ ಖಾಸಗಿ ಪತ್ರ ಬರೆದರು. ಸಾಧನೆ ಹೊಗಳಿ, ಆಮೇಲೆ ಉತ್ಪ್ರೇಕ್ಷೆ ಮತ್ತು ಆತುರದಿಂದಾದ ನಷ್ಟ ಹೇಳಿದ ಪತ್ರ ಅದು. ಮಾವೋ ಅದನ್ನ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿ, ಪಕ್ಷದ ಮೇಲಿನ ದಾಳಿ ಎಂದು ತಿರುಗಿಬಿದ್ದರು. ಹಳೇ ಒಡನಾಡಿಗಳಲ್ಲಿ ಹೆಚ್ಚಿನವರು ಮಾವೋ ಪಾಳಯಕ್ಕೆ ಸರಿದರು. ಸೆಪ್ಟೆಂಬರ್‌ನಲ್ಲಿ ಮಂತ್ರಿಗಿರಿ ಲಿನ್ ಬಿಯಾವೋ ಪಾಲಾಯ್ತು. ನನಗೆ ಇಲ್ಲಿ ದೊಡ್ಡ ದುರಂತ ಅನ್ನಿಸೋದು ಪೆಂಗ್ ಪದಚ್ಯುತಿ ಅಲ್ಲ. ಇದಾದ ಮೇಲೆ ಯಾವ ಅಧಿಕಾರಿಯೂ ನಿಜ ಹೇಳೋ ಧೈರ್ಯ ಮಾಡಲಿಲ್ಲ; ಕ್ಷಾಮ ಇನ್ನೂ ಭೀಕರವಾಗಿ, ಸತ್ತವರು ಕೋಟಿಗಟ್ಟಲೆ.

ಹಾಗಂತ ಪೆಂಗ್ ಸಂತರೇನಲ್ಲ. 1958ರಲ್ಲಿ ಲಿಯು ಬೋಚೆಂಗ್‌ನಂಥ ಹಿರಿಯ ಸೇನಾನಿಯನ್ನ ಸೈದ್ಧಾಂತಿಕ ತಪ್ಪಿನ ಹೆಸರಲ್ಲಿ ಟೀಕೆಗೆ ಗುರಿಮಾಡಿದ ಸಭೆಗೆ ಇವರದ್ದೇ ಮುಂದಾಳತ್ವ. 1959ರ ಮಾರ್ಚ್‌ನಲ್ಲಿ ಟಿಬೆಟ್ ದಂಗೆಯನ್ನ ಹತ್ತಿಕ್ಕಿದಾಗ ರಕ್ಷಣಾ ಮಂತ್ರಿಯೂ ಇವರೇ. ತಾವೇ ಕಟ್ಟಿದ ಯಂತ್ರ ಕೊನೆಗೆ ತಮ್ಮನ್ನೇ ಅರೆಯಿತು.

ಆರು ವರ್ಷ ಬೀಜಿಂಗ್ ಹೊರವಲಯದಲ್ಲಿ ತರಕಾರಿ ಬೆಳೆದುಕೊಂಡು ಇದ್ದರು. 1962ರಲ್ಲಿ ಇನ್ನೊಂದು ಉದ್ದದ ಪತ್ರ ಬರೆದು ತಮ್ಮನ್ನ ಸಮರ್ಥಿಸಿಕೊಂಡರು. 1966ರ ಡಿಸೆಂಬರ್‌ನಲ್ಲಿ ರೆಡ್ ಗಾರ್ಡ್‌ಗಳು ಸಿಚುವಾನ್‌ನಿಂದ ಎಳೆದು ತಂದರು. ಹೊಡೆತ, ಬೀದಿ ಮೆರವಣಿಗೆ, ಸೆರೆ. 1974ರ ನವೆಂಬರ್ 29ರಂದು ತೀರಿಕೊಂಡಾಗ ಚಿತಾಭಸ್ಮದ ಮೇಲೂ ಬೇರೆ ಹೆಸರು ಬರೆದಿದ್ದರು. ಅವರದೇ ಹೆಸರು ವಾಪಸ್ ಸಿಕ್ಕಿದ್ದು 1978ರಲ್ಲಿ, ಮಾವೋ ಸತ್ತು ಎರಡು ವರ್ಷದ ಮೇಲೆ.

ಆ ಹೊತ್ತಿಗೆ ಹಸಿದು ಸತ್ತವರು ಸತ್ತಾಗಿತ್ತು. ನಿಜ ಹೇಳಿದವನಿಗೆ ತಡವಾಗಿಯಾದರೂ ನ್ಯಾಯ ಸಿಗಬಹುದು. ನಿಜ ಕೇಳಿಸಿಕೊಳ್ಳದ ಆಡಳಿತದ ಕೆಳಗೆ ಬದುಕಿದವರಿಗೆ ಸಿಗೋಲ್ಲ. ಮುಂದಿನ ಮೀಟಿಂಗಿನಲ್ಲಿ ತಲೆಯಾಡಿಸೋ ಮುಂಚೆ ಇಷ್ಟನ್ನಾದರೂ ನೆನೆಯಬೇಕು ಅಂದುಕೊಂಡಿದ್ದೇನೆ.